ಇರಣ್ಣನವರ ಕೊನೆಯ ಬಾಟಲಿ

ಟೆಕ್ಸಾಸಿನ ಸೈಪ್ರೆಸ್‌ನ ನಮ್ಮ ಬೀದಿಯಲ್ಲಿ ಇರಣ್ಣನವರ ಎರಡೂ ಕಾರುಗಳು ಹ್ಯೂಸ್ಟನ್ನಿನ ಬಿಸಿಲಲ್ಲಿ ಬೇಯುತ್ತವೆ. ಗರಾಜಿನ ನೆರಳು, ಅಲ್ಲಿನ ಫ್ರಿಜ್ಜಿನ ತಂಪು ಎಲ್ಲವೂ ಅವರು ಮನೆಯಲ್ಲೇ ತಯಾರಿಸುವ ಬಿಯರಿಗೆ ಮೀಸಲು. ಹುಬ್ಬಳ್ಳಿಯವರು, ಕೆಲಸ ಪೈಪ್‌ಲೈನ್ ಕಂಪನಿಯಲ್ಲಿ. ಪರಿಚಯ ಹೇಳಿಕೊಳ್ಳುವಾಗ ಮಾತ್ರ "ನಾ ಬ್ರೂವರ್ ರೀ" ಎನ್ನುತ್ತಾರೆ. ಹಾಗೆಂದರೆಂದರೆ ಉಪನ್ಯಾಸ ಶುರುವಾಯಿತೆಂದೇ ಲೆಕ್ಕ; ಎದುರಿಗಿದ್ದವರು ಕುರ್ಚಿ ಹುಡುಕಿಕೊಳ್ಳುವುದು ಲೇಸು.

ಅವರ ಕಷ್ಟವೆಲ್ಲ ಬಿಯರನ್ನು ಹುದುಗಿಸುವ ಎರಡು ಯೀಸ್ಟಿನದು. ಒಂದು ಇಂಗ್ಲಿಷ್ ತಳಿ: ಬಿಯರಿಗೆ ಮಾಗಿದ ಸೀಬೆಹಣ್ಣಿನ ಘಮ ಕೊಟ್ಟು, ಸಕ್ಕರೆಯನ್ನು ಅರ್ಧಕ್ಕೇ ಬಿಟ್ಟು ಮಲಗಿಬಿಡುತ್ತದೆ. ಇನ್ನೊಂದು ಕ್ಯಾಲಿಫೋರ್ನಿಯಾದ್ದು: ಸಕ್ಕರೆಯ ಕೊನೆಯ ಕಣವನ್ನೂ ಬಿಡದು, ಘಮದ ಗೊಡವೆಗೆ ಹೋಗದು. ಹೋದ ದೀಪಾವಳಿಗೆ ಇರಣ್ಣ ಎರಡನ್ನೂ ಒಂದೇ ಡಬ್ಬಕ್ಕೆ ಸುರಿದರು. ಆ ಬಿಯರ್ ಕುಡಿದ ಬ್ರೂಯಿಂಗ್ ಕ್ಲಬ್ಬಿನ ಹಿರಿಯನೊಬ್ಬ ಮತ್ತೆ ಗ್ಲಾಸು ಚಾಚಿದ. ಆಸ್ಟಿನ್ನಿನ ಬಿಯರ್ ಸ್ಪರ್ಧೆಯಲ್ಲಿ ಇದಕ್ಕೇ ಪದಕ ಬರಬೇಕೆಂದು ಇರಣ್ಣ ಅಂದೇ ಹಟ ತೊಟ್ಟರು.

ಮುಂದೆ ಮಾಡಿದ್ದು ನಮ್ಮವರು ಯಾರಾದರೂ ಮಾಡುವುದನ್ನೇ. ತಳದ ಗಸಿಯನ್ನು ಮೊಸರಿನ ಹೆಪ್ಪಿನಂತೆ ಎತ್ತಿಟ್ಟು ಮುಂದಿನ ಸಲಕ್ಕೆ ಹಾಕಿದರು. ಅದರ ಗಸಿ ಅದರ ಮುಂದಿನದಕ್ಕೆ. ಐದನೇ ಸಲಕ್ಕೆ ಘಮ ಪೂರ್ತಿ ಮಾಯ. ನೀರನ್ನು ಬೈದರು, ಸೆಕೆಯನ್ನು ಬೈದರು, ಒಮ್ಮೆ ಮುಚ್ಚಳ ತೆಗೆದು ಮೂಸಿದ್ದಕ್ಕೆ ನನ್ನನ್ನೂ ಬೈದರು.

"ಆ ಕ್ಯಾಲಿಫೋರ್ನಿಯಾದ್ದರ ಹೊಟ್ಟಿ ದೊಡ್ಡದು, ಇಂಗ್ಲಿಷಿಂದು ಮೆತ್ತಂದು," ಎಂದರು ಅವರ ಹೆಂಡತಿ ಶೀತಲ್. "ಎರಡನ್ನೂ ಒಂದ ತಾಟಿಗೆ ಕೂಡಿಸಿದ್ರ ದೊಡ್ಡ ಹೊಟ್ಟಿದ ಉಳೀತೈತಿ."

"ಶೀತಲ್, ಇದು ಮೈಕ್ರೋಬಯಾಲಜಿ. ಅಡಗಿಮನಿ ಅಲ್ಲ."

ಎರಡು ದಿನ ಬಿಟ್ಟು ಇರಣ್ಣ ಅದೇ ಮಾತನ್ನು ತಮ್ಮ ಸಂಶೋಧನೆಯೆಂದು ನನಗೆ ವಿವರಿಸಿದರು.

"ಹೊಸ ಪ್ಯಾಕೆಟ್ ತಂದು ಮೊದಲಿನ ಹಾಗೇ ಬೆರೆಸಿಬಿಡಿ ಸಾರ್," ಎಂದೆ.

ಅವರು ನೋಟ್‌ಬುಕ್ ತೆರೆದರು. ದೀಪಾವಳಿಯ ಪುಟದಲ್ಲಿ ನೀರಿನ ಉಷ್ಣತೆ ದಶಾಂಶ ಸಮೇತ ಇತ್ತು. ಎರಡೂ ಯೀಸ್ಟಿನ ಅಳತೆಯ ಎದುರಿಗೆ ಮಾತ್ರ "ಅಂದಾಜು".

"ತೂಕದ ಯಂತ್ರ ಆವತ್ತು ಇಕೀ ಚಕ್ಕಲಿಗೆ ಒಯ್ದಿದ್ಲರೀ!"

ಉಳಿದದ್ದು ಆ ಮೊದಲ ಬಿಯರಿನ ಒಂದೇ ಬಾಟಲಿ. ಅದನ್ನು ಅಟ್ಟಣಿಗೆಯ ಮೇಲಿಟ್ಟು, ಅತಿಥಿಗಳಿಗೆ ಮಗನ ಪದವಿಯ ಫೋಟೊದಂತೆ ತೋರಿಸುತ್ತಿದ್ದರು. ಅದರ ತಳದಲ್ಲಿ ಎರಡೂ ಯೀಸ್ಟ್ ಇನ್ನೂ ಜೀವದಿಂದ ಇರಬಹುದು. ಎಬ್ಬಿಸಬೇಕಾದರೆ ಬಾಟಲಿ ತೆರೆಯಬೇಕು. ತೆರೆದರೆ, ತಾವು ಒಮ್ಮೆ ಅಂಥದ್ದನ್ನು ಮಾಡಿದ್ದಕ್ಕೆ ಇದ್ದ ಸಾಕ್ಷಿ ಹೋಯಿತು. ವಾರವಿಡೀ ಬಾಟಲಿಯ ಸುತ್ತ ಸುಳಿದಾಡಿದರು. ಸ್ಪರ್ಧೆಗೆ ಐದು ವಾರವಿದ್ದಾಗ, ಶನಿವಾರ ಮಧ್ಯಾಹ್ನ, ನನ್ನನ್ನು ಕರೆದು ತೆರೆದರು.

ಅದೇ ಬಿಯರ್. ಇರಣ್ಣ ತಳದ ಗಸಿಯನ್ನು ಕದಡದೆ, ಮೇಲಿನದನ್ನು ಇಬ್ಬರ ಗ್ಲಾಸಿಗೂ ಸಮನಾಗಿ ಸುರಿದರು.

ಗಸಿಯನ್ನು ಸಕ್ಕರೆ ನೀರಿಗೆ ಹಾಕಿದ ಮೂರನೇ ದಿನ ನೊರೆ ಬಂತು. ಫೋನ್ ಮಾಡಿದರು. "ಎದ್ದಾನರೀ. ಘಮಾನ ಇಲ್ಲ, ದೊಡ್ಡ ಹೊಟ್ಟ್ಯಾಂವ ಒಬ್ಬನ."

ಆದರೂ ಅದರಲ್ಲೇ ಬಿಯರ್ ಮಾಡಿ ಆಸ್ಟಿನ್ನಿಗೆ ಡ್ರೈವ್ ಮಾಡಿದರು. ತೀರ್ಪುಗಾರರ ಚೀಟಿಯಲ್ಲಿ ಎರಡೇ ಸಾಲು: ದೋಷವಿಲ್ಲ. ನೆನಪಿನಲ್ಲೂ ಉಳಿಯುವುದಿಲ್ಲ.

ಖಾಲಿ ಬಾಟಲಿ ಮರಳಿ ಅಟ್ಟಣಿಗೆ ಏರಿದೆ. ಮೊನ್ನೆ ಅದನ್ನು ಇಳಿಸಿ ನನ್ನ ಮೂಗಿಗೆ ಹಿಡಿದರು. "ಏನ್ ಬಂತು, ಹೇಳ್ರಿ."

ಅವರ ಮುಖ ನೋಡಿ, "ಸೀಬೆಹಣ್ಣು ಸಾರ್, ತೆಳುವಾಗಿ," ಎಂದೆ.

ಒಳಗಿನಿಂದ ಶೀತಲ್ ಕೂಗಿದರು: "ಅದನ್ನ ನಿನ್ನೆ ಲಿಂಬಿ ಸಾಬೂನ ಹಚ್ಚಿ ತೊಳದೇನ್ರೀ!"