ಮರದ ಮನೆಯ ಬುಡಕ್ಕೆ ಜಟ್ಟೆಪ್ಪನ ಡಾಂಬರು

ಐರಣಿಯ ಜಟ್ಟೆಪ್ಪ ಮೂವತ್ತೈದು ವರ್ಷ ಹರಿಗೋಲುಗಳಿಗೆ ಡಾಂಬರು ಬಳಿದವನು. ಬಿದಿರು ಹೆಣೆದು, ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಬಿಗಿದು, ಕುದಿಯುವ ಡಾಂಬರು ಸವರಿ ತುಂಗಭದ್ರೆಗೆ ಇಳಿಸಿದರೆ ಒಳಗೆ ಕೂತವರ ಧೋತರದ ಅಂಚೂ ಒದ್ದೆಯಾಗುತ್ತಿರಲಿಲ್ಲ. ಆಮೇಲೆ ಮಂದಿ ಬೈಕು ಕೊಂಡು, ಸುತ್ತು ಬಳಸಿ ಸೇತುವೆಯ ಮೇಲೆಯೇ ಹೊಳೆ ದಾಟತೊಡಗಿದರು. ಹರಿಗೋಲು ಮೀನು ಹಿಡಿಯುವ ನಾಲ್ಕು ಮಂದಿಗಷ್ಟೇ ಬೇಕಾಯಿತು. ಹೀಗೆ ನೀರು ತಡೆಯುವ ಕೆಲಸ ಕಳೆದುಕೊಂಡ ಜಟ್ಟೆಪ್ಪನಿಗೆ ಅರವತ್ತರ ಹೊತ್ತಿಗೆ ನೀರು ಬಿಡುವ ಕೆಲಸ ಸಿಕ್ಕಿತು. ಹೊಳೆದಂಡೆಯ ಹೊಸ ಮರದ ಮನೆಯ ಹುಲ್ಲಿಗೆ ದಿನಕ್ಕೆರಡು ಸಲ ಪೈಪು ಹಿಡಿಯಬೇಕಾಗಿತ್ತು.

ಮನೆ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಪ್ರಭುಲಿಂಗಪ್ಪನದು. ಅವನು ಹೆಂಡತಿ ಸುರೇಖಾಳೊಂದಿಗೆ ಒಂದು ವಾರ ಮನಾಲಿಗೆ ಹೋಗಿ, ಎರಡು ಉಣ್ಣೆಯ ಟೊಪ್ಪಿಗೆಗಳನ್ನೂ ಮನುಷ್ಯ ಮರದ ಮನೆಯಲ್ಲೇ ಇರಬೇಕೆಂಬ ಜ್ಞಾನವನ್ನೂ ತಂದಿದ್ದ. ಬ್ಯಾಡಗಿಯ ಅವನ ಮೂರಂತಸ್ತಿನ ಸಿಮೆಂಟು ಮನೆಯಲ್ಲಿ ಯಾವ ಕೊರತೆಯೂ ಇರಲಿಲ್ಲ. ಅಂಥದ್ದು ಪಕ್ಕದ ಮನೆಯವನಿಗೂ ಇತ್ತು ಎಂಬುದೊಂದೇ ಕೊರತೆ.

ಕಟ್ಟಿಸಿಕೊಟ್ಟವನು ಹಾವೇರಿಯ ಇಂಜಿನಿಯರ್ ವೀರೇಂದ್ರ. ಅಲ್ಲಿಯವರೆಗೆ ಅವನು ಕಲ್ಯಾಣ ಮಂಟಪಗಳನ್ನು ಕಟ್ಟುತ್ತಿದ್ದ. ಮೊಬೈಲಿನಲ್ಲಿ ಮೂರು ವಿಡಿಯೋ ನೋಡಿದ ಮೇಲೆ ಮರದ ಮನೆಯ ತಜ್ಞನಾದ. ನೆಲದ ಮಟ್ಟಕ್ಕೇ ಕಾಂಕ್ರೀಟು ಹಾಕಿ, ಅದರ ಮೇಲೆ ನೇರವಾಗಿ ಅಡಿದಿಮ್ಮಿಗಳನ್ನು ಮಲಗಿಸಿ ಮನೆ ಎಬ್ಬಿಸಿದ. ಮನೆ ನೆಲದಿಂದಲೇ ಮೊಳೆತಂತೆ ಕಾಣಲಿ ಎಂದು ಮಣ್ಣನ್ನು ಮರದ ತನಕ ಏರಿಸಿ ಹುಲ್ಲು ನೆಡಿಸಿದ. ಬುಡದ ಸಂದಿಗಳಿಗೆಲ್ಲ ಟ್ಯೂಬಿನಿಂದ ಬಿಳಿ ಮೇಣ ಹಿಂಡಿ, ಹತ್ತು ವರ್ಷ ಒಂದು ಹನಿಯೂ ದಾಟುವುದಿಲ್ಲ ಎಂದು ಠಸ್ಸೆ ಹೊಡೆದ ಕಾಗದ ಕೊಟ್ಟ. ಪ್ರಭುಲಿಂಗಪ್ಪ ಅದಕ್ಕೆ ಕಟ್ಟು ಹಾಕಿಸಿ ದೇವರ ಫೋಟೋದ ಪಕ್ಕದಲ್ಲಿ ತೂಗುಹಾಕಿದ.

ಕೆಲಸಕ್ಕೆ ಸೇರಿದ ಮೊದಲ ದಿನವೇ ಜಟ್ಟೆಪ್ಪ, ಹುಲ್ಲಿಗೆ ಬಿಟ್ಟ ನೀರು ಮರಕ್ಕೂ ತಾಗುತ್ತದೆ ಎಂದು ಮೆಲ್ಲಗೆ ಹೇಳಿದ್ದ. ಇದು ಔಷಧಿ ಕುಡಿಸಿದ ಮರ, ನೀರು ಇದಕ್ಕೇನೂ ಮಾಡಲಾರದು ಎಂದು ವೀರೇಂದ್ರ ನಕ್ಕ. ನೀರು ಬಂಡೆಗಲ್ಲಿಗೆ ಏನು ಮಾಡುತ್ತದೆಂದು ಜಟ್ಟೆಪ್ಪ ಹುಟ್ಟಿದಾಗಿನಿಂದ ನೋಡಿದ್ದ. ಆದರೆ ಬಂಡೆಗೆ ಯಾರೂ ಔಷಧಿ ಕುಡಿಸಿರಲಿಲ್ಲವಲ್ಲ. ಸುಮ್ಮನೆ ಪೈಪು ಹಿಡಿದ.

ಮಳೆಗಾಲ ಬಂತು. ಪಡುವಣ ಗಾಳಿಯ ಮಳೆ ಗೋಡೆಯ ಹಲಗೆಗಳ ಹಿಂದೆ ನುಗ್ಗಿ, ಕೆಳಗಿಳಿದು, ಬುಡದಲ್ಲಿ ನಿಂತಿತು. ಕಾಗದದ ಮಾತು ಸುಳ್ಳಾಗಲಿಲ್ಲ. ಒಳಗೆ ಹೋದ ಒಂದು ಹನಿಯೂ ಆಚೆ ದಾಟಲಿಲ್ಲ. ಶ್ರಾವಣದ ಹೊತ್ತಿಗೆ ಮನೆ ನಾರತೊಡಗಿತು. ರವಿವಾರಕ್ಕೊಮ್ಮೆ ಬರುತ್ತಿದ್ದ ಸುರೇಖಾ ಕಟ್ಟುಗಟ್ಟಲೆ ಊದಿನಕಡ್ಡಿ ಹಚ್ಚಿದಳು. ಒಂದು ರವಿವಾರ ಸೋಫಾ ಸರಿಸಿದರೆ ಹಿಂದೆ ಅಣಬೆಗಳು ಸಾಲಾಗಿ ಕೊಡೆ ಬಿಚ್ಚಿ ನಿಂತಿದ್ದವು. ವೀರೇಂದ್ರ ಬಂದು, ಮರ ಉಸಿರಾಡುತ್ತಿದೆ ಎಂದು ವಿವರಿಸಿ, ಇನ್ನೊಂದು ಸುತ್ತು ಮೇಣ ಹಿಂಡಿದ. ಮುಂದಿನ ತಿಂಗಳು ಮರ ಇನ್ನೂ ಜೋರಾಗಿ ಉಸಿರಾಡಿತು.

ಆಗ ಪ್ರಭುಲಿಂಗಪ್ಪನಿಗೆ ಪೈಪು ಹಿಡಿದವನ ನೆನಪಾಯಿತು.

"ಜಟ್ಟೆಪ್ಪ, ಹರಗೋಲಕ್ಕ ಬಳೀತಿದ್ದ್ಯಲ್ಲ, ಆ ಡಾಂಬರ ಇದಕ್ಕೂ ಸುತ್ತ ಬಳದುಬಿಡು. ಒಂದ ಸಂದೀನೂ ಬಿಡಬ್ಯಾಡ."

ಜಟ್ಟೆಪ್ಪ ಬುಡದ ಬಳಿ ಕೂತು, ಕಬ್ಬಿಣದ ಸಲಾಕಿಯೊಂದನ್ನು ಅಡಿದಿಮ್ಮಿಗೆ ಒತ್ತಿದ. ಹಣ್ಣಾದ ಪಪ್ಪಾಯಿಯೊಳಗೆ ಇಳಿದಂತೆ ಅದು ಗೇಣುದ್ದ ಇಳಿಯಿತು.

"ಸಾವ್ಕಾರ್ರ, ಹರಗೋಲದಾಗ ನೀರ ಬಂದ್ರ ತಂಬಿಗೀಲೆ ತಗದು ಹೊರಗ ಚೆಲ್ಲತೇವಿ. ಈ ಗ್ವಾಡ್ಯಾಗ ಹೊಕ್ಕ ನೀರು ಯಾರ ಚೆಲ್ಲಬೇಕ್ರಿ? ಅದಕ್ಕ ಹೋಗಾಕ ದಾರೀನ ಇಲ್ಲ. ಇನ್ನಷ್ಟ ಮುಚ್ಚಂದ್ರ ಹೆಂಗ್ರಿ?"

ಪಕ್ಕದಲ್ಲೇ ನಿಂತಿದ್ದ ವೀರೇಂದ್ರನಿಗೆ ಸಿಟ್ಟು ಬಂತು. "ಇದನ್ನೆಲ್ಲ ಎಲ್ಲಿ ಕಲ್ತೀಯೋ ನೀ?"

"ಹೊಳ್ಯಾಗ್ರಿ," ಎಂದ ಜಟ್ಟೆಪ್ಪ.

ತೀರ್ಮಾನ ಮಾಡಿದವಳು ಸುರೇಖಾ. ಈ ಮನೆಯಲ್ಲಿ ಅಣಬೆ ಇರಬೇಕು ಇಲ್ಲವೇ ತಾನಿರಬೇಕು ಎಂದಳು. ಪ್ರಭುಲಿಂಗಪ್ಪ ತುಸು ಯೋಚಿಸಿಯೇ ಹೆಂಡತಿಯ ಕಡೆ ವಾಲಿದ.

ರಾಣೆಬೆನ್ನೂರಿನ ಬಡಗಿ ಚಾಂದಸಾಬ ಬಂದ. ಮೆಣಸಿನಕಾಯಿ ಲಾರಿಗಳ ಜಾಕುಗಳನ್ನು ಕೊಟ್ಟು, ಮನೆಯನ್ನು ಒಂದೊಂದೇ ಮಗ್ಗುಲಿಂದ ಎತ್ತಿದರು. ಕೊಳೆತ ದಿಮ್ಮಿಗಳನ್ನು ಕೊಯ್ದು ತೆಗೆದರು. ಜಟ್ಟೆಪ್ಪ ಗೇಣು ದಪ್ಪದ ಕಲ್ಲುಗಳನ್ನು ಸಾಲಾಗಿ ಕೂರಿಸಿ, ನೆಲದ ಪಸೆ ಮರಕ್ಕೆ ಏರದಂತೆ ಅವುಗಳ ನೆತ್ತಿಗೆ ಡಾಂಬರು ಬಳಿದು, ಮೇಲೆ ಹರಿಗೋಲಿನ ಹಾಳೆಯನ್ನು ಎರಡು ಪದರ ಹಾಸಿದ. ಹೊಸ ದಿಮ್ಮಿ ಆ ಹಾಳೆಯ ಮೇಲೆ ಕೂತಿತು. ಹೊರಹಲಗೆಗಳ ಕೆಳಗೆ ಒಂದು ಬೆರಳಿನಷ್ಟು ಸಂದಿ ಬಿಟ್ಟು, ಇಲಿ ನುಗ್ಗದಂತೆ ತಂತಿಯ ಜಾಳಿಗೆ ಬಡಿಸಿದ. ಮನೆಯ ಸುತ್ತ ಎರಡು ಮಾರು ಹುಲ್ಲು ಕಿತ್ತು, ಮಣ್ಣು ತಗ್ಗಿಸಿ ಜಲ್ಲಿಕಲ್ಲು ಸುರಿದ. ಅಷ್ಟೂ ದಿನ ವೀರೇಂದ್ರ ಕೊಡೆ ಹಿಡಿದು ನಿಂತು, ಸಂದಿ ಬಿಡುತ್ತಿದ್ದವರಿಗೆ ಸಂದಿ ಬಿಡಿರೆಂದೂ, ಕಲ್ಲು ಸುರಿಯುತ್ತಿದ್ದವರಿಗೆ ಕಲ್ಲು ಸುರಿಯಿರೆಂದೂ ಅಪ್ಪಣೆ ಕೊಟ್ಟ.

ಮರುವರ್ಷದ ಮೊದಲ ದೊಡ್ಡ ಮಳೆಗೆ ಜಟ್ಟೆಪ್ಪ ತಲೆಗೆ ಕಂಬಳಿಯ ಗೊಪ್ಪೆ ಹಾಕಿಕೊಂಡು ಹೋಗಿ, ಬಗ್ಗಿ ನೋಡಿದ. ಹಲಗೆಯ ಹಿಂದೆ ಇಳಿದ ನೀರು ಸಂದಿಯಿಂದ ಹನಿಹನಿಯಾಗಿ ಜಲ್ಲಿಗೆ ಬೀಳುತ್ತಿತ್ತು. ದಿಮ್ಮಿ ಮುಟ್ಟಿದರೆ ಒಣಗಿತ್ತು. ಹರಿಗೋಲು ಬಿಟ್ಟ ಮೇಲೆ ಅಂಥ ಸಮಾಧಾನ ಅವನಿಗೆ ಆಗಿರಲಿಲ್ಲ. ಮೊಣಕಾಲು ನೋಯುವ ತನಕ ಅಲ್ಲೇ ಕೂತಿದ್ದ.

ಮನೆ ಉಳಿಸಿದ್ದಕ್ಕೆ ಬಹುಮಾನವೂ ಸಿಕ್ಕಿತು. ಹುಲ್ಲು ಕಡಿಮೆಯಾದ್ದರಿಂದ ನೀರು ಬಿಡುವ ಆಳು ಬೇಕಿಲ್ಲ ಎಂದು ಪ್ರಭುಲಿಂಗಪ್ಪ ಕೆಲಸದಿಂದ ಬಿಡಿಸಿದ. ವೀರೇಂದ್ರ ಜಾಳಿಗೆಯ ಫೋಟೋ ತೆಗೆದು, 'ನಮ್ಮ ಸಂಸ್ಥೆಯ ಉಸಿರಾಡುವ ಅಡಿಪಾಯ' ಎಂದು ಊರಿಗೆಲ್ಲ ಕಳಿಸಿದ. ರಾಣೆಬೆನ್ನೂರಿನ ಇಬ್ಬರು ಅಂಥದ್ದೇ ಮನೆ ಬೇಕೆಂದರು. ಮೇಣದ ಟ್ಯೂಬು ಹೇಗೆ ಹಿಡಿಯಬೇಕೆಂದಷ್ಟೇ ಬಲ್ಲ ವೀರೇಂದ್ರ ಮರುದಿನವೇ ಕಾರು ತಗೊಂಡು ಐರಣಿಗೆ ಬಂದು, ಜಟ್ಟೆಪ್ಪನನ್ನು 'ನೀವು' ಎಂದು ಕರೆದ. ಜಟ್ಟೆಪ್ಪ ಒಪ್ಪಿದ. ಆದರೆ ಇನ್ನು ತನ್ನ ಕೆಲಸದ ಹೊತ್ತಿನಲ್ಲಿ ಇಂಜಿನಿಯರ ಸಾಹೇಬರು ಕಾರಿನಲ್ಲೇ ಕೂತಿರಬೇಕು ಎಂದ.

ಕಾರು ಹೋದ ಮೇಲೆ ಅವನ ಹೆಂಡತಿ ಜಯವ್ವ ಹೊರಗೆ ಬಂದಳು.

"ಮಂದಿ ಮನೀ ಬುಡ ಒಣಗಿಸೂದಾತಲ್ಲ. ನಮ್ಮ ಪಡಸಾಲಿ ಗ್ವಾಡಿಗೆ ನಿಮ್ಮ ಕೈಲೆ ಮೆತ್ತಿದ ಸಿಮೆಂಟ ಯಾವಾಗ ಕೀಳ್ತೀರಿ?"

ಮೂರು ವರ್ಷದ ಹಿಂದೆ ಮಣ್ಣಿನ ಗೋಡೆಗೆ ಸಿಮೆಂಟು ಬಳಿದು, ಇನ್ನು ನೆಲದ ಥಂಡಿ ಏರುವುದಿಲ್ಲ ಎಂದು ಅವಳಿಗೆ ಮಾತು ಕೊಟ್ಟಿದ್ದವನು ಅವನೇ. ಆಗಿನಿಂದ ಥಂಡಿ ಸೊಂಟದ ತನಕ ಏರಿ, ಜೋಳದ ಚೀಲಗಳು ಗೋಡೆ ಬಿಟ್ಟು ಪಡಸಾಲೆಯ ನಡುವೆ ಬಂದಿದ್ದವು. ಸೋಮವಾರ ಸಲಾಕಿ ಹಿಡಿದು ಕೂತು ಎಲ್ಲವನ್ನೂ ಕೆರೆದು ತೆಗೆದ. ಗೋಡೆಯ ಹೊರಗೆ ಕಾಲುವೆ ತೋಡಿ ಸೂರಿನ ನೀರನ್ನು ಆಚೆ ತಿರುಗಿಸಿದ. ಇಪ್ಪತ್ತು ದಿನಕ್ಕೆ ಗೋಡೆ ಒಣಗಿತು. ಜಯವ್ವ ಅಂಗೈಯಿಟ್ಟು ಪರೀಕ್ಷಿಸಿ, ಜೋಳದ ಚೀಲಗಳನ್ನು ಎಳೆದು ಗೋಡೆಗೆ ಆನಿಸಿದಳು.