ರೇಡಿಯೋಗೆ ಹಿಡಿದ ಸೂತಕ

ಹಲಸೂರಿನಲ್ಲಿ ಈಗ ನಾನಿರುವ ಕಟ್ಟಡದ ಜಾಗದಲ್ಲಿ ಮೊದಲು ನಮ್ಮ ವಠಾರವಿತ್ತು. ಹೊಲ ಹೋದ ಮೇಲೆ ಬಂದ ದುಡ್ಡಿನಲ್ಲಿ ನಮ್ಮ ಮಾವ ಕಟ್ಟಿಸಿದ್ದು. ಸಾಲು ಮನೆಗಳು, ನಡುವೆ ಒಂದು ನಲ್ಲಿ. ತಮಿಳರು, ತೆಲುಗರು, ನಮ್ಮವರು ಎಲ್ಲ ಇದ್ದರು. ನಲ್ಲಿಯ ಹತ್ತಿರ ದಿನಾ ಜಗಳ. ಒಂದೇ ಒಂದು ವಿಷಯಕ್ಕೆ ಜಗಳವಿರಲಿಲ್ಲ. ವಠಾರದಲ್ಲಿ ಯಾರಾದರೂ ಸತ್ತರೆ ಎಲ್ಲ ಮನೆಯ ರೇಡಿಯೋಗಳೂ ನಿಲ್ಲುತ್ತಿದ್ದವು. ಸತ್ತವರು ಒಳ್ಳೆಯವರೋ ಕೆಟ್ಟವರೋ ಎಂದು ಯಾರೂ ನೋಡುತ್ತಿರಲಿಲ್ಲ. ಕುಡಿದು ಬಂದು ಎಲ್ಲರ ಮನೆತನವನ್ನೂ ಜಾಲಾಡುತ್ತಿದ್ದ ಒಬ್ಬ ಮುದುಕ ಸತ್ತಾಗಲೂ ನಿಂತಿದ್ದವು. ಹನ್ನೊಂದನೆಯ ದಿನದ ಕಾರ್ಯ ಮುಗಿದ ಮೇಲೆ ಸಾವಿನ ಮನೆಯವರೊಬ್ಬರು ಪ್ರತಿ ಬಾಗಿಲಿಗೂ ಬರುತ್ತಿದ್ದರು. ಚಪ್ಪಲಿ ಬಿಟ್ಟು ಹೊಸಿಲ ಆಚೆ ನಿಂತು, “ಇನ್ನು ರೇಡಿಯೋ ಹಾಕ್ಕೊಳ್ಳಿ” ಎನ್ನುತ್ತಿದ್ದರು. ಅವರು ಬಂದು ಹೇಳುವ ತನಕ ಯಾರೂ ಗುಂಡಿ ಮುಟ್ಟುತ್ತಿರಲಿಲ್ಲ.

ತೊಂಬತ್ತರ ಆಚೀಚೆ ವಠಾರ ಕೆಡವಿ ಕಟ್ಟಡ ಎಬ್ಬಿಸಿದೆವು. ನಾವೆಂದರೆ ನಾನು ಮತ್ತು ನನ್ನ ವಾರಗಿತ್ತಿ. ಅಷ್ಟು ಹೊತ್ತಿಗೆ ಅಣ್ಣ ತಮ್ಮ ಇಬ್ಬರೂ ಹೋಗಿದ್ದರು, ನಾವಿಬ್ಬರು ವಿಧವೆಯರು ಉಳಿದಿದ್ದೆವು. ಅವಳು ಹಿರಿಯಳು, ಅಕ್ಕ ಎನ್ನುತ್ತಿದ್ದೆ. ಮೇಲಿನ ಮನೆಗಳಿಗೆ ಬಾಡಿಗೆಯವರು, ಕೆಳಗೆ ರಸ್ತೆಗೆ ಒಂದು ಅಂಗಡಿ, ಅಂಗಡಿಯ ಹಿಂದೆ ನಾವು. ನನಗೆ ಮಕ್ಕಳಿಲ್ಲ. ಅವಳ ಮಗಳನ್ನು ಕೆ.ಆರ್. ಪುರಕ್ಕೆ ಕೊಟ್ಟಿತ್ತು.

ನಮ್ಮಿಬ್ಬರಿಗೆ ಅಷ್ಟೇನೂ ಸರಿಬರುತ್ತಿರಲಿಲ್ಲ. ಅವಳ ಕೈ ಉಪ್ಪು ನನಗೆ ಆಗದು, ನನ್ನ ಕೈ ಖಾರ ಅವಳಿಗೆ ಆಗದು. ಅದಕ್ಕೇ ಒಂದೇ ಮನೆಯಲ್ಲಿ ಎರಡು ಒಲೆ. ಆದರೂ ಬೆಳಿಗ್ಗೆ ಒಗ್ಗರಣೆ ಸಿಡಿಯುವ ಹೊತ್ತಿಗೆ ಆ ಕಡೆಯಿಂದ ಕೂಗುತ್ತಿದ್ದಳು.

“ಏನೇ, ಏನ್ ಸಾರು?”

“ನಿನಗ್ಯಾಕೆ?”

“ಸೀದಿರೋ ವಾಸ್ನೆ ಬಂತು, ಅದಕ್ಕೆ ಕೇಳ್ದೆ.”

ಇಷ್ಟೇ ನಮ್ಮ ಮಾತು. ಎಷ್ಟೋ ದಿನ ಇದರ ಮೇಲೆ ಇನ್ನೊಂದು ಮಾತು ಇರುತ್ತಿರಲಿಲ್ಲ.

ಅವಳು ಸತ್ತ ದಿನ ಹೆಣ ಇನ್ನೂ ನಡುಮನೆಯಲ್ಲಿತ್ತು, ಮೇಲಿನ ಮನೆಯಲ್ಲಿ ಟಿವಿ ಹಾಕಿಕೊಂಡು ಕ್ರಿಕೆಟ್ ನೋಡುತ್ತಿದ್ದರು. ಕೆಟ್ಟ ಜನವಲ್ಲ. ಇಳಿದು ಬಂದರು, ಕೈಮುಗಿದರು, ಹೂವಿನ ಹಾರ ತಂದರು. ಟಿವಿ ನಿಲ್ಲಿಸಬೇಕು ಎಂಬುದು ಅವರಿಗೆ ಗೊತ್ತಿರಲಿಲ್ಲ, ನಾನೂ ಹೇಳಲಿಲ್ಲ. ಹನ್ನೊಂದನೆಯ ದಿನ ಕಾರ್ಯ ಮುಗಿಸಿ ಅಕ್ಕನ ಮಗಳು ಕೆ.ಆರ್. ಪುರಕ್ಕೆ ಹೊರಟಳು. ನಾನು ಹೊಸಿಲ ಮೇಲೆ ನಿಂತೆ. ಇನ್ನು ಹಾಕ್ಕೊಳ್ಳಿ ಎಂದು ಹೇಳುವುದಕ್ಕೆ ಒಂದು ಬಾಗಿಲೂ ಇರಲಿಲ್ಲ. ನಿಲ್ಲಿಸಿದವರಿದ್ದರೆ ತಾನೇ ಹೇಳುವುದು.

ಆಮೇಲೆ ಮನೆಯಲ್ಲಿ ಒಂದೇ ಒಲೆ. ಏನು ಸಾರು ಎಂದು ಕೇಳುವವರಿಲ್ಲ.

ರಸ್ತೆಗಿದ್ದ ಅಂಗಡಿಯನ್ನು ಶಿವಾಜಿನಗರದ ಒಬ್ಬ ಸಾಬರಿಗೆ ಬಾಡಿಗೆಗೆ ಕೊಟ್ಟಿದ್ದೆ. ಅರ್ಧ ನರೆತ ಗಡ್ಡ, ಬಾಯಿ ತುಂಬ ಮಾತು. ಸೈಬರ್ ಸೆಂಟರ್ ಇಟ್ಟಿದ್ದ. ಹಲಗೆ ಹೊಡೆದು ಗೂಡು ಗೂಡು ಮಾಡಿ ಒಂದೊಂದು ಗೂಡಿಗೆ ಒಂದೊಂದು ಕಂಪ್ಯೂಟರ್. ಒಂದು ಬೆಳಿಗ್ಗೆ, ಗಿರಾಕಿಗಳ ಸ್ಕೂಟರು ನನ್ನ ಬಾಗಿಲಿಗೆ ಅಡ್ಡ ನಿಂತಿವೆ ಎಂದು ಬಯ್ಯಲು ಹೋದೆ. ಒಳಗೆ ಒಬ್ಬ ಹೆಂಗಸು ಮಾತಾಡುತ್ತಿದ್ದಳು. ನಮ್ಮ ಕಡೆಯ ಮಾತು, ಹೊಸಕೋಟೆ ಕಡೆಯದು, ಅಕ್ಕನದೂ ಅದೇ ಮಾತು. ಗೂಡುಗಳಲ್ಲಿ ಹೆಂಗಸರು ಯಾರೂ ಇರಲಿಲ್ಲ.

“ಯಾರಪ್ಪಾ ಮಾತಾಡ್ತಿರೋದು?”

“ರೇಡಿಯೋ ಅಮ್ಮಾ. ಇಂಟರ್ನೆಟ್ ರೇಡಿಯೋ. ಯಾರೋ ಗಿರಾಕಿ ಹಾಕಿ ಹಂಗೇ ಬಿಟ್ಟು ಹೋಗವ್ರೆ. ಆಯಮ್ಮ ಫಾರಿನ್‌ನಲ್ಲಿ ಮನೇಲಿ ಕೂತ್ಕೊಂಡು ಮಾತಾಡೋದು.”

ಅಷ್ಟರಲ್ಲಿ ಅವಳು, “ಇಲ್ಲಿ ರಾತ್ರಿ, ಹೊರಗೆ ಹಿಮ. ನಮ್ಮದು ಬಸ್ಸಾರು, ತಿಂದಾಯ್ತು. ನಿಮ್ಮನೇಲಿ ಏನ್ ಸಾರು?” ಎಂದಳು. ಸ್ಕೂಟರಿನ ವಿಷಯ ಮರೆತು ನಿಂತುಬಿಟ್ಟೆ.

ಆಮೇಲೆ ದಿನಾ ಹೋಗಿ ನಿಲ್ಲತೊಡಗಿದೆ. ಮುದುಕಿ ಬಂದು ನಿಂತರೆ ಕಾಲೇಜು ಹುಡುಗರಿಗೆ ಮುಜುಗರ. ಅದಕ್ಕೆ ಅವನೇ ಉಪಾಯ ಮಾಡಿದ. ಅಂಗಡಿಗೂ ನನ್ನ ಅಡಿಗೆಮನೆಗೂ ನಡುವಿನ ಗೋಡೆಗೆ ತೂತು ಕೊರೆದು, ವಯರು ಎಳೆದು, ಸಣ್ಣದೊಂದು ಸ್ಪೀಕರನ್ನು ನನ್ನ ಮಸಾಲೆ ಡಬ್ಬಿಗಳ ಪಕ್ಕ ಇಟ್ಟ. ಬೆಳಿಗ್ಗೆ ಅವನು ಆ ಕಡೆ ಗುಂಡಿ ಒತ್ತಿದರೆ ಈ ಕಡೆ ಅವಳು ಮಾತಾಡುತ್ತಿದ್ದಳು. ನಡುನಡುವೆ ಹಾಡು ಹಾಕುತ್ತಿದ್ದಳು. ಹಾಡು ನನಗೆ ಬೇಕಿರಲಿಲ್ಲ. ಟಿವಿ ನನ್ನ ಹತ್ತಿರವೂ ಇದೆ, ಅದರಲ್ಲಿ ಅವರವರೇ ಮಾತಾಡಿಕೊಳ್ಳುತ್ತಾರೆ. ಇವಳು ಕೇಳುತ್ತಿದ್ದಳು. ಕೇಳಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿರುತ್ತಿದ್ದಳು. ಆ ಸಂದಿನಲ್ಲಿ ನಾನು ಹೇಳುತ್ತಿದ್ದೆ. ಹುರುಳಿ. ಸೊಪ್ಪು. ನಿನ್ನೆಯದೇ ಬಿಸಿ ಮಾಡಿದ್ದು. ಅವಳಿಗೆ ಕೇಳಿಸುವುದಿಲ್ಲ ಎಂಬುದು ಗೊತ್ತಿತ್ತು. ನನಗೇನು ತಲೆ ಕೆಟ್ಟಿರಲಿಲ್ಲ.

ಅವಳಿಗೆ ಅತ್ತೆ ಇರಲಿಲ್ಲ. ಮದುವೆಗೆ ಮೊದಲೇ ತೀರಿಕೊಂಡಿದ್ದರಂತೆ. “ಅತ್ತೆ ಇಲ್ಲದ ಮನೆ, ನನ್ನ ಸಾರಿಗೆ ಹೆಸರಿಡೋರಿಲ್ಲ” ಎಂದು ಹೇಳಿ ಹೇಳಿ ನಗುತ್ತಿದ್ದಳು. ಯಾರು ಯಾರೋ ತಮ್ಮ ಸಾರಿನ ಸುದ್ದಿ ಬರೆದು ಕಳಿಸುತ್ತಿದ್ದರು, ಅದನ್ನೆಲ್ಲ ಓದುತ್ತಿದ್ದಳು. “ನಿಮ್ದೂ ಬರೆದು ಹಾಕ್ಲಾ ಅಮ್ಮಾ?” ಎಂದು ಅವನು ಕೇಳಿದ್ದ. ನನ್ನ ಸಾರು ಊರೆಲ್ಲ ಮೆರೆಯುವುದು ಬೇಡ ಎಂದಿದ್ದೆ.

ಒಂದು ದಿನ ಸ್ಪೀಕರಿನಿಂದ ಏನೂ ಬರಲಿಲ್ಲ. ಅವನು ಅಂಗಡಿ ತೆಗೆದಿಲ್ಲವೇನೋ ಎಂದುಕೊಂಡೆ. ತೆಗೆದಿದ್ದ. ಹೋಗಿ ಕೇಳಿದೆ.

“ಬರ್ತಾ ಇಲ್ಲ ಅಮ್ಮಾ. ನೋಡಿ, ಫೋಟೋ ಐತೆ, ಗುಂಡಿ ಐತೆ. ಒತ್ತಿದ್ರೆ ಚಕ್ರ ತಿರುಗ್ತಾನೇ ಐತೆ, ಸೌಂಡ್ ಇಲ್ಲ.”

“ನಿನ್ನ ವಯರೇ ಕೆಟ್ಟಿರ್ಬೇಕು.”

“ಅರೆ, ಬೇರೆ ಎಲ್ಲಾ ಬರ್ತಾವೆ! ಇದೊಂದೇ.”

“ಯಾಕೆ ಬರ್ತಿಲ್ಲ ಅಂತ ಬರೆದಿಲ್ವಾ?”

“ಏನೂ ಬರೆದಿಲ್ಲ.”

ಮಾರನೆಯ ದಿನವೂ ಹಾಗೇ. ಬಾಗಿಲು ತೆರೆದ ಅಂಗಡಿ, ಗಲ್ಲಾದ ಮೇಲೆ ಆಳಿಲ್ಲ, ಅವಳ ರೇಡಿಯೋ ಹಾಗಿತ್ತು. ಕಂಪನಿಗೆ ಬೈದು ಬರೆಯುತ್ತೇನೆ ಎಂದು ಅವನು ಕುರ್ಚಿ ಎಳೆದುಕೊಂಡ. ನಾನು ಅವನ ಕೈ ತಡೆದೆ. ಹೇಳದೆ ಕೇಳದೆ ರೇಡಿಯೋ ನಿಂತಿದೆ ಎಂದರೆ ನನಗೆ ಗೊತ್ತಿದ್ದ ಕಾರಣ ಒಂದೇ.

“ಬರೀಬೇಡ. ಆ ಮನೇಲಿ ಸಾವಾಗಿದೆ.”

“ಯಾರು ಹೇಳಿದ್ರು?”

“ಯಾರ್ ಹೇಳ್ಬೇಕು? ನಿಂತಿಲ್ವಾ ರೇಡಿಯೋ? ಸಾವಿನ ಮನೆಗೆ ಹೋಗಿ ರೇಡಿಯೋ ಯಾಕ್ ಹಾಕಿಲ್ಲ ಅಂತ ಕೇಳ್ತಾರಾ? ಹನ್ನೊಂದು ದಿನ ಸುಮ್ನಿರು. ನಿನ್ನ ಹಿಂದಿ ಹಾಡೂ ನಿಲ್ಲಿಸು.”

“ನಂದ್ಯಾಕಮ್ಮಾ! ಕಂಪ್ಯೂಟರ್‌ಗೂ ಸೂತಕಾನಾ?”

“ಒಂದೇ ಸೂರಿನ ಕೆಳಗಿದೆ ತಾನೇ.”

“ನಮ್ಮಲ್ಲಿ ಮೂರೇ ದಿನ ಅಮ್ಮಾ.”

“ನಿಮ್ಮಲ್ಲಿ ಮೂರಿರ್ಬಹುದು. ಅವಳು ನಿಮ್ಮೋಳಲ್ಲ.”

ಗೊಣಗಿದ. ಆದರೆ ನಿಲ್ಲಿಸಿದ. ಕಟ್ಟಡ ನನ್ನದು ಎಂಬುದಕ್ಕೋ, ನನ್ನ ಬಾಯಿಗೆ ಹೆದರಿಯೋ. ನಾನೂ ಟಿವಿ ಹಾಕಲಿಲ್ಲ. ಹಾಡು ಯಾಕಿಲ್ಲ ಎಂದು ಗಿರಾಕಿಗಳು ಕೇಳಿದರೆ, “ಓನರಮ್ಮನ ಕಡೆಯೋರು ಯಾರೋ ಹೋಗ್ಬಿಟ್ಟವ್ರೆ” ಎನ್ನುತ್ತಿದ್ದ. ಅದು ಬೀದಿಯಲ್ಲಿ ಹಬ್ಬಿತು. ಹಾಲಿನವಳು ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡು ಬಂದಳು.

“ಯಾರಮ್ಮಾ ಹೋಗಿದ್ದು?”

“ಗೊತ್ತಿಲ್ಲ ಕಣೆ.”

ಅವಳು ನನ್ನ ಮುಖವನ್ನೇ ನೋಡಿದಳು. ದುಃಖಕ್ಕೆ ಬುದ್ಧಿ ಸ್ಥಿಮಿತ ತಪ್ಪಿದೆ ಎಂದುಕೊಂಡಿರಬೇಕು. ಮರುದಿನ ಹಾಲು ಸ್ವಲ್ಪ ಜಾಸ್ತಿಯೇ ಅಳೆದಳು.

ಆ ದಿನಗಳಲ್ಲಿ ನನಗೆ ಸಿಟ್ಟಿರಲಿಲ್ಲ. ಯಾರು ಹೋಗಿರಬಹುದು ಎಂದು ಯೋಚಿಸುತ್ತಿದ್ದೆ. ಗಂಡನೋ, ತಾಯಿಯೋ, ಅವಳೇನೋ. ಅಷ್ಟು ದೂರದ ಹಿಮದಲ್ಲಿ ಹೆಣ ಹೊರುವುದಕ್ಕೆ ನಾಲ್ಕು ಜನ ಸಿಕ್ಕರೋ ಇಲ್ಲವೋ. ಸಾರು ಇಳಿಸುವಾಗ ಕೈ ತಾನಾಗಿ ಸ್ಪೀಕರಿನ ಧೂಳು ಒರೆಸುತ್ತಿತ್ತು.

ಹನ್ನೊಂದು ಕಳೆಯಿತು. ಹನ್ನೆರಡನೆಯ ದಿನ ಬೇಗ ಸ್ನಾನ ಮಾಡಿ ಸ್ಪೀಕರಿನ ಮುಂದೆ ಮಣೆ ಹಾಕಿಕೊಂಡು ಕೂತೆ. ಸಾವಿನ ಮನೆಯವರು ಬಂದು ಹೇಳಬೇಕು, ಅದು ಪದ್ಧತಿ. ಅವನು ಆ ಕಡೆ ಗುಂಡಿ ಒತ್ತಿದ. ಏನೂ ಇಲ್ಲ. ಅದರ ಮಾರನೆಯ ದಿನವೂ ಇಲ್ಲ. ಆಗ ಸಿಟ್ಟು ಬಂತು. ಹಾಲಿನವಳು ನಾಳೆ ರಜ ಎಂದರೆ ಇವತ್ತೇ ಹೇಳುತ್ತಾಳೆ. ಕರೆಂಟು ತೆಗೆಯುವವರು ಸಹ ಪೇಪರಿನಲ್ಲಿ ಹಾಕುತ್ತಾರೆ. ದಿನಾ ಬಂದು ಏನು ಸಾರು ಎಂದು ಕೇಳುವವಳು, ನಾಳೆಯಿಂದ ಕೇಳುವುದಿಲ್ಲ ಎಂದು ಒಂದು ಮಾತು ಹೇಳಬಾರದೆ?

ಅಂಗಡಿಗೆ ಹೋಗಿ, “ಈಗ ಬರಿ” ಎಂದೆ.

“ಏನ್ ಬರೀಲಿ?”

“ಸಾವಾಗಿದ್ರೆ ಸಾವಾಗಿದೆ ಅನ್ನಿ. ದುಡ್ಡಿಲ್ದೆ ಮುಚ್ಚಿದ್ರೆ ಮುಚ್ಚಿದೀವಿ ಅನ್ನಿ. ಬೇಜಾರಾಗಿದ್ರೆ ಬೇಜಾರಾಗಿದೆ ಅನ್ನಿ. ಗುಂಡಿ ಇಟ್ಟು ಚಕ್ರ ತಿರುಗ್ಸೋದು ಮರ್ಯಾದಸ್ತರ ಲಕ್ಷಣ ಅಲ್ಲ.”

“ಕೊನೇದೂ ಬರೀಲಾ?”

“ಅದನ್ನೇ ಮೊದ್ಲು ಬರಿ.”

ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಕುಟ್ಟಿದ. ಕೆಳಗೆ ಏನು ಹಾಕಲಿ ಎಂದ. ಹಲಸೂರಿನಿಂದ ಒಬ್ಬಳು, ಇವತ್ತು ಅವರೆಬೇಳೆ ಸಾರು ಎಂದು ಹಾಕು ಎಂದೆ. ಅವನು ನಗಲಿಲ್ಲ. ಹಾಕಿದ.

ಉತ್ತರ ಬರಲಿಲ್ಲ. ದಿನಾ ಬೆಳಿಗ್ಗೆ ಹೋಗಿ ಬಾಗಿಲಲ್ಲಿ ನಿಲ್ಲುತ್ತಿದ್ದೆ, ಅವನು ತಲೆ ಅಲ್ಲಾಡಿಸುತ್ತಿದ್ದ. ಹಾಡು ಹಾಕಲು ಅವನಿಗೆ ನಾನಿನ್ನೂ ಬಿಟ್ಟಿರಲಿಲ್ಲ. ಬಂದು ಹೇಳುವವರೆಗೆ ಹಾಕಬಾರದು ತಾನೇ. ಗಿರಾಕಿಗಳು ಹೆಡ್‌ಫೋನ್ ಸಿಕ್ಕಿಸಿಕೊಂಡು ತಮ್ಮ ತಮ್ಮ ಗೂಡಿನಲ್ಲಿ ಕೂತಿರುತ್ತಿದ್ದರು. ಅಂಗಡಿಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಏನಿಲ್ಲ. ನನ್ನ ಅಡಿಗೆಮನೆಯಲ್ಲಿ ಅದೂ ಇಲ್ಲ.

ಹೀಗೆ ಎಷ್ಟೋ ದಿನವಾಯಿತು. ಒಂದು ಬೆಳಿಗ್ಗೆ ಬಾಗಿಲು ತಟ್ಟಿದ ಸದ್ದಾಯಿತು. ತೆಗೆದರೆ ಅವನು. ಬಾಡಿಗೆ ಕೊಡಲು ಬಂದಾಗಲೂ ಚಪ್ಪಲಿ ಬಿಡದವನು, ಅವತ್ತು ಬಿಟ್ಟು ಹೊಸಿಲ ಆಚೆ ನಿಂತಿದ್ದ.

“ಜವಾಬು ಬಂತು ಅಮ್ಮಾ.”

“ಏನಂತೆ?”

“ಆಯಮ್ಮನ ಅತ್ತೆ ಹೋಗ್ಬಿಟ್ರಂತೆ. ತುಂಬಾ ಬೇಜಾರಲ್ಲಿ ಅವ್ರಂತೆ, ಇನ್ಮೇಲೆ ಮಾಡಲ್ವಂತೆ. ಕಾರ್ಯ ಎಲ್ಲಾ ಮುಗೀತಂತೆ.” ಬಿಟ್ಟ ಚಪ್ಪಲಿಯನ್ನು ಕಾಲಿನಿಂದ ಜೋಡಿಸಿದ. “ಇನ್ನು ರೇಡಿಯೋ ಹಾಕ್ಕೊಳ್ಳಿ ಅಂತ ಹೇಳವ್ರೆ.”

ಅವನ ಮುಖ ನೋಡಿದೆ. ಅವನು ನನ್ನ ಕಿಟಕಿಯ ಸರಳು ನೋಡುತ್ತಿದ್ದ. ಹಾಡಿಲ್ಲದೆ ಗಿರಾಕಿ ಕಮ್ಮಿಯಾಗಿ ಸಾಕಾಗಿತ್ತೋ, ನಾನು ದಿನಾ ಬಂದು ನಿಲ್ಲುವುದನ್ನು ನೋಡಲಾರದೆ ಹೋದನೋ, ನಾನು ಕೇಳಲಿಲ್ಲ. ಅಷ್ಟು ದಿನ ಆ ಹೆಂಗಸಿನ ಮಾತನ್ನು ಅವನೇ ತನ್ನ ಕೈಯಾರೆ ಹಾಕಿದ್ದ, ಒಂದು ದಿನವೂ ಕಿವಿಗೊಟ್ಟಿರಲಿಲ್ಲ. ಕೊಟ್ಟಿದ್ದರೆ ಬೇರೆ ಯಾರನ್ನಾದರೂ ಸಾಯಿಸುತ್ತಿದ್ದ.

“ಸರಿ. ಹಾಕ್ಕೋ ಹೋಗು” ಎಂದೆ.

“ಹುರುಳಿಕಾಳಾ ಅಮ್ಮಾ? ವಾಸ್ನೆ ಚೆನ್ನಾಗೈತೆ.”

“ಹೋಗಪ್ಪಾ, ಗಿರಾಕಿ ಕಾಯ್ತಿರ್ತಾರೆ.”

ಚಪ್ಪಲಿ ಮೆಟ್ಟಿಕೊಂಡು ಹೋದ. ಸ್ವಲ್ಪ ಹೊತ್ತಿಗೆ ಗೋಡೆಯ ತೂತಿನಿಂದ ಅವನ ಹಿಂದಿ ಹಾಡು ಬಂತು. ಮುದ್ದೆ ಬಡಿಸಿಕೊಂಡು ಕೂತೆ. ಸಾರು ಚೆನ್ನಾಗಿಯೇ ಆಗಿತ್ತು, ಉಪ್ಪು ಒಂದು ಚೂರು ಮುಂದು.

ಎರಡು ವರ್ಷಕ್ಕೆ ಅವನೂ ಅಂಗಡಿ ಬಿಟ್ಟ. ಎಲ್ಲರ ಮನೆಗೂ ಇಂಟರ್ನೆಟ್ ಬಂದಿತ್ತು. ಮುಂಚಿತವಾಗಿಯೇ ಬಂದು ಹೇಳಿದ, ಸುಣ್ಣ ಬಳಿಸಿ ಕೊಟ್ಟ, ಸ್ಪೀಕರ್ ಬಿಚ್ಚಿಕೊಂಡು ಹೋದ. ಈಗ ಅಲ್ಲಿ ಮೊಬೈಲ್ ಕರೆನ್ಸಿ ಹಾಕುವ ಅಂಗಡಿ. ಜಿರಲೆ ಬರುತ್ತವೆ ಎಂದು ತೂತಿಗೆ ಹಳೆಯ ಸೀರೆಯ ಚಿಂದಿ ತುರುಕಿದ್ದೇನೆ. ಗಾರೆಯವನನ್ನು ಕರೆಸಿ ಮುಚ್ಚಿಸಬೇಕು. ಕರೆಸಿಲ್ಲ.