ನೂಲು ತೆಗೆಯುವವರ ಬೆರಳು

ನಲವತ್ತರ ದಶಕದ ಮಾತು. ಮೈಸೂರಿನಲ್ಲಿ ಡಾಕ್ಟರಿಕೆ ಪಾಸು ಮಾಡಿಕೊಂಡು ದೇವನಹಳ್ಳಿ ಪಕ್ಕದ ವಿಜಯಪುರದ ದವಾಖಾನೆಗೆ ತರಬೇತಿಗೆ ಬಂದಾಗ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಹೆಣ್ಣು ಡಾಕ್ಟರು, ಅದೂ ಅದೇ ಕಡೆಯ ರಾಗಿ ಬೆಳೆಯೋರ ಮನೆಯವಳು! ನರಗಳ ವಿಷಯದಲ್ಲೇ ಮುಳುಗಿದ್ದ ಅಲ್ಲಿನ ದೊಡ್ಡ ಡಾಕ್ಟರು ಹೊಸಬರನ್ನು ಪಳಗಿಸುವ ರೀತಿಯೇ ಬೇರೆ. ಬೆಳಗ್ಗೆ ರೋಗಿಗಳನ್ನು ನೋಡಬೇಕು. ಊಟವಾದ ಮೇಲೆ ಅದೇ ರೋಗಿಗಳ ನರಗಳ ಬಗ್ಗೆ ಪ್ರಶ್ನೆ ಎತ್ತಿ, ಪರೀಕ್ಷೆ ಮಾಡಿ, ಬರೆದಿಡಬೇಕು. "ವೈದ್ಯ, ಸಂಶೋಧನೆ ಎರಡೂ ಒಂದೇ ಕೆಲಸ ಕಣಮ್ಮಾ" ಅನ್ನೋರು. ನನಗೋ, ಎರಡರಲ್ಲೂ ಆಗಲೇ ಪಂಡಿತಳಾಗಿಬಿಟ್ಟೆ ಅನ್ನುವ ಜಂಬ.

ಒಂದು ಬೆಳಗ್ಗೆ ಒಬ್ಬಾಕೆ ತನ್ನ ಸೊಸೆಯಾಗಬೇಕಿದ್ದ ಹುಡುಗಿಯನ್ನು ಕರೆತಂದಳು. "ಇವ್ರ ಮನೇಗೆ ಹೋಗಿದ್ದೆ ಡಾಕ್ಟ್ರಮ್ಮ. ಕುದಿಯೋ ಎಸರಿನ ಪಾತ್ರೇನ ಬರಿಗೈಲಿ ಇಳಿಸ್ಬಿಟ್ಳು, ಉಸ್ ಅಂತಾನೂ ಅನ್ಲಿಲ್ಲ. ದೊಡ್ಡ ರೋಗಾನಾ?" ದೊಡ್ಡ ರೋಗ ಅಂದರೆ ಕುಷ್ಠ; ಅದು ಬಂದರೆ ಚರ್ಮಕ್ಕೆ ಬಿಸಿ, ಸ್ಪರ್ಶ ತಿಳಿಯುವುದಿಲ್ಲ. "ಇಲ್ಲ ಅಂತ ನೀವು ಬರ್ಕೊಟ್ರೆ ಮದುವೆ, ಇಲ್ದಿದ್ರೆ ಇಲ್ಲ." ಹುಡುಗಿ ರೇಷ್ಮೆಗೂಡಿನಿಂದ ನೂಲು ತೆಗೆಯುವ ಕೆಲಸದವಳು. ತುಟಿ ಕಚ್ಚಿಕೊಂಡು ನಿಂತಿದ್ದಳು.

ಕಣ್ಣು ಮುಚ್ಚಿಸಿ ಹತ್ತಿಯ ಎಳೆಯಿಂದ ಮುಟ್ಟಿದೆ. ತೋಳಿಗೆ ಮುಟ್ಟಿದರೆ "ಹ್ಞೂಂ" ಅಂದಳು. ಬೆರಳ ತುದಿಗೆ ಮುಟ್ಟಿದರೆ ಸುಮ್ಮನಿದ್ದಳು. ನನ್ನ ಎದೆ ಹಿಗ್ಗಿತು. ಮಧ್ಯಾಹ್ನದ ಬರಹಕ್ಕೆ ಎಂಥ ಕೇಸು ಸಿಕ್ಕಿತು ಅಂತ! ಥೂ, ಈಗ ನೆನೆದರೆ ನಾಚಿಕೆಯಾಗುತ್ತೆ. ನಾಳೆ ಬನ್ನಿ ಅಂತ ಕಳಿಸಿ, "ಕುಷ್ಠದ ಶಂಕೆ" ಅಂತ ದಪ್ಪಕ್ಷರದಲ್ಲಿ ಬರೆದೆ.

ದೊಡ್ಡ ಡಾಕ್ಟರು ಓದಿದರು. "ಮೈಮೇಲೆ ಮಚ್ಚೆ?"

"ಇಲ್ಲ ಸಾರ್."

"ಮೊಣಕೈ ಹತ್ರ ನರ ದಪ್ಪ ಆಗಿದೆಯಾ?"

"ಇಲ್ಲ."

"ನೂಲು ತೆಗೆಯೋ ಬೇರೆಯವರ ಬೆರಳು ಎಷ್ಟು ನೋಡಿದ್ದೀಯ?"

"ಒಂದೂ ಇಲ್ಲ."

"ಮತ್ತೆ ಇದು ರೋಗ ಅಂತ ಯಾವುದಕ್ಕೆ ಹೋಲಿಸಿ ಬರೆದೆ? ನಿನ್ನ ಬೆರಳಿಗಾ?"

ಸಿಟ್ಟು ನೆತ್ತಿಗೇರಿತು. ತೋರಿಸ್ತೀನಿ ಇವರಿಗೆ ಅಂತ ಆ ಹುಡುಗಿ ಕೆಲಸ ಮಾಡುತ್ತಿದ್ದ ಶೆಡ್ಡಿಗೇ ದಡದಡ ಹೋದೆ. ಗೂಡು ಬೇಯುವ ನಾತ, ಹೊಗೆ, ಹಬೆ. ಸಾಲಾಗಿ ಕೂತವರೆಲ್ಲ ಸುಡುವ ನೀರಿನೊಳಗೆ ಬೆರಳಾಡಿಸಿ ಎಳೆ ಹಿಡಿಯುತ್ತಿದ್ದರು. ಒಬ್ಬೊಬ್ಬರದೇ ಬೆರಳಿಗೆ ಹತ್ತಿ ಮುಟ್ಟಿಸುತ್ತಾ ಹೋದೆ. ಒಬ್ಬರಿಗಾದರೂ ತಿಳಿಯಬೇಕೇ! ವರ್ಷಾನುಗಟ್ಟಲೆ ಬಿಸಿನೀರಿನಲ್ಲಿ ಬೆಂದು ಚರ್ಮ ದಡ್ಡುಗಟ್ಟಿತ್ತು, ಅಷ್ಟೇ. ಮೂರನೆಯವರ ಹೊತ್ತಿಗೆ ಸಿಟ್ಟು ಇಳಿಯಿತು. ಸಾಲು ಮುಗಿಯುವ ಹೊತ್ತಿಗೆ ಅವರ ಜೊತೆ ನಾನೂ ನಗುತ್ತಿದ್ದೆ.

ಸಾಲಿನ ಕೊನೆಯಲ್ಲಿ ಅದೇ ಹುಡುಗಿ. "ಈಗ ನೀವು ಕಣ್ಮುಚ್ಚಿ ಡಾಕ್ಟ್ರಮ್ಮ" ಅಂದಳು. ಹಲವು ಗೂಡುಗಳ ಎಳೆ ಸೇರಿ ಓಡುತ್ತಿದ್ದ ನೂಲನ್ನು ನನ್ನ ಬೆರಳ ಮೇಲೆ ಹಾಯಿಸಿ, "ಇದ್ರಲ್ಲಿ ಒಂದು ಎಳೆ ಕಡಿದ್ರೆ ಹೇಳಿ" ಅಂದಳು. ಕಾದೆ, ಕಾದೆ. ಸುತ್ತ ಕಿಸಿಕಿಸಿ ನಗು.

"ಇನ್ನೂ ಕಡಿದಿಲ್ಲ" ಅಂದೆ.

"ಅಯ್ಯೋ, ಆಗ್ಲೇ ಮೂರು ಕಡಿದೋಯ್ತು!"

ಆಮೇಲೆ ತಾನು ಕಣ್ಣು ಮುಚ್ಚಿಕೊಂಡು, ಒಂದೊಂದು ಎಳೆ ಕಡಿದಾಗಲೂ ಥಟ್ಟನೆ ಹೇಳಿದಳು. ಒಂದೂ ತಪ್ಪಲಿಲ್ಲ. ನನಗೆ ಕುಣಿಯುವಷ್ಟು ಖುಷಿ. ಹತ್ತಿ ತಿಳಿಯದ ಬೆರಳಿಗೆ ಓಡುವ ಎಳೆ ತಿಳಿಯುತ್ತೆ! ಅವಳ ಬಿಸಿ ಕೈ ಹಿಡಿದುಕೊಂಡು, "ನಿನ್ನ ಬಗ್ಗೆ ತಪ್ಪು ಬರೆದಿದ್ದೆ, ಕ್ಷಮಿಸಮ್ಮ" ಅಂದೆ.

ಮಾರನೆಯ ದಿನ ರೋಗವಿಲ್ಲ ಅಂತ ಬರೆದು, ಇಬ್ಬರೆದುರೂ ಜೋರಾಗಿ ಓದಿದೆ. ಅತ್ತೆಯಾಗುವಾಕೆಯ ಮುಖ ಅರಳಿತು. "ಸರಿ ಬಿಡವ್ವಾ, ಲಗ್ನ ಇಡಿಸೋಣ" ಅಂದಳು.

ಹುಡುಗಿ ಚೀಟಿಯನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. "ತಡೀರಿ. ನಿಮ್ಮ ಮಗನ್ನೂ ಡಾಕ್ಟ್ರಮ್ಮನಿಗೆ ತೋರ್ಸಿ. ಅವ್ರು ಬರ್ಕೊಡ್ಲಿ, ಆಮೇಲೆ ನಾನು ಹೇಳ್ತೀನಿ."

ಸಂಜೆಗೇ ಹುಡುಗ ಬಂದ. ಬೆವರುತ್ತಾ, ಎರಡೂ ಕೈ ಚಾಚಿ ನನ್ನೆದುರು ಕೂತು, "ಡಾಕ್ಟ್ರಮ್ಮ, ಅವಳು ಒಪ್ಪೋ ಹಾಗೆ ಬರ್ಕೊಡಿ" ಅಂದ.